ಎರಡನೇ ಪ್ರತಿಗೆ ಒಂದು ಸೀಲು

(ಮಂಡ್ಯದ ಗಾಂಧಿ ಭವನದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಗೆಳೆಯರೊಬ್ಬರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಅದನ್ನು ಕೇಳಿಕೊಂಡು ನಾನೇ ಬರೆದೆ. ಎಡವಿದ ಮಾತು ತಿದ್ದಿದ್ದೇನೆ. ಎರಡು ಕಡೆ ಜಾಸ್ತಿ ಎಳೆದಿದ್ದೆ, ಅದನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ನನ್ನ ಪರಿಚಯ ಮಾಡಿಕೊಟ್ಟವರು ‘ಹೋರಾಟಗಾರರು’ ಅಂದರು. ನನ್ನ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ, ಅವಳು ನಕ್ಕಿದ್ದು ನನಗೆ ಕಾಣಿಸಿತು. ನಾನು ಟೈಪಿಸ್ಟ್. 32 ವರ್ಷ ಕೋರ್ಟಿನ ಹತ್ತಿರ ಟೈಪಿಂಗ್ ಅಂಗಡಿ ಇಟ್ಟಿದ್ದೆ. ಮೊದಲು ಕನ್ನಡ ಟೈಪ್‌ರೈಟರು, ಆಮೇಲೆ ಕಂಪ್ಯೂಟರಿನಲ್ಲಿ ನುಡಿ, ಜೊತೆಗೊಂದು ಜೆರಾಕ್ಸ್ ಮಿಷನ್ನು. ಪಹಣಿ ತಿದ್ದುಪಡಿ ಅರ್ಜಿ, ವಿಧವಾ ವೇತನದ ಅರ್ಜಿ, ಬಾಡಿಗೆ ಕರಾರು, ಪೊಲೀಸ್ ಕಂಪ್ಲೇಂಟು. ಜನ ಬಾಯಲ್ಲಿ ಹೇಳುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಹೊಡೆಯುವುದು ಅಂದರೆ ಟೈಪು. ಇವತ್ತಿನ ವಿಷಯಕ್ಕೆ ಆ ಮಾತನ್ನು ಸ್ವಲ್ಪ ಹುಷಾರಾಗಿ ಬಳಸಬೇಕು.

ಮೊದಲೇ ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ಯಾವುದಾದರೂ ಜಗಳದ ದೂರು ತೆಗೆದು ಓದಿ ನೋಡಿ. ‘ಏಕಾಏಕಿ ಬಂದು, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಕಾಲಿನಿಂದ ಒದ್ದು, ನಿನ್ನನ್ನು ಮುಗಿಸದೆ ಬಿಡುವುದಿಲ್ಲ ಎಂದು ಪ್ರಾಣ ಬೆದರಿಕೆ ಹಾಕಿರುತ್ತಾರೆ.’ ಬದುವಿನ ಜಗಳವಾಗಲಿ, ಕೋಳಿ ಜಗಳವಾಗಲಿ, ಈ ವಾಕ್ಯ ಇದ್ದೇ ಇರುತ್ತದೆ. ನಾನೇ ಇದನ್ನು ಸಾವಿರಾರು ಸಲ ಟೈಪ್ ಮಾಡಿದ್ದೇನೆ. ಕಾಲಿನಿಂದ ಒದ್ದಿದ್ದು ನಿಜವಾ ಅಂತ ಕೇಳಿದವನಲ್ಲ. ಇನ್ನು ಮುಕ್ಕಾಲು ಗಂಟೆ ಪೊಲೀಸರ ಕಾಗದದ ಬಗ್ಗೆ ಮಾತಾಡುವವನು ನಾನು. ಸುಳ್ಳಿನ ಕಾಗದ ನಮ್ಮ ಕಡೆಯಿಂದಲೂ ಹೋಗುತ್ತದೆ ಅನ್ನುವುದನ್ನು ನಾನೇ ಹೇಳಿಬಿಟ್ಟರೆ ಆಮೇಲೆ ಯಾರೂ ನನಗೆ ಹೇಳಬೇಕಾಗಿಲ್ಲ, ಅಲ್ವಾ?

ನಮ್ಮ ಗುಂಪು ಹುಟ್ಟಿದ್ದು ಕಳುವಾದ ಒಂದು ಬೈಕಿನಿಂದ. ಕೆಲವು ವರ್ಷದ ಹಿಂದಿನ ಮಾತು. ನಮ್ಮ ಬೀದಿಯಲ್ಲಿ ಒಬ್ಬ ಹುಡುಗ, ಗ್ಯಾರೇಜಿನಲ್ಲಿ ಕೆಲಸ. ಒಂದು ಮಂಗಳವಾರ ರಾತ್ರಿ ಎಂಟೂವರೆಗೆ ಮಫ್ತಿಯಲ್ಲಿ ಇಬ್ಬರು ಬಂದು ಅವನನ್ನು ಕರೆದುಕೊಂಡು ಹೋದರು. ‘ಅರ್ಧ ಗಂಟೆ ಕಣಮ್ಮ, ಕೇಳ್ಬುಟ್ಟು ಕಳಿಸ್ತೀವಿ’ ಅಂದರಂತೆ. ಅವನ ತಾಯಿ ಊಟ ಮುಚ್ಚಿಟ್ಟು ಕಾದರು. ಬೆಳಿಗ್ಗೆ ಆರಕ್ಕೆ ನಮ್ಮ ಮನೆ ಬಾಗಿಲು ಬಡಿದರು. ‘ಅಣ್ಣ, ನೀವು ಕೋರ್ಟು ಕಚೇರಿ ತಿಳ್ದೋರು. ಸ್ವಲ್ಪ ಬನ್ನಿ.’

ನಾನು ತಿಳಿದವನೇನಲ್ಲ, ಕೋರ್ಟಿನ ಹೊರಗೆ ಕೂತವನು. ಆದರೂ ಹೋದೆ. ಯಾವ ಠಾಣೆ ಅಂತ ಹೇಳುವುದಿಲ್ಲ. ಮುಂದೆ ಒಂದು ಹೊಂಗೆ ಮರ, ಅದರ ಕೆಳಗೆ ತುಕ್ಕು ಹಿಡಿದ ಬೈಕುಗಳ ಸಾಲು. ಒಳಗೆ ಕೇಳಿದರೆ ‘ಅಂಥೋನು ಯಾರೂ ಇಲ್ಲಿಗೆ ಬಂದಿಲ್ಲ’ ಅಂದರು. ಆ ಹುಡುಗನ ಚಪ್ಪಲಿ ಬಾಗಿಲ ಪಕ್ಕದಲ್ಲೇ ಬಿದ್ದಿತ್ತು. ನೀಲಿ ಬಾರಿನ ಹವಾಯಿ ಚಪ್ಪಲಿ. ಒಂದರ ಬಾರು ಕಿತ್ತು ಸೇಫ್ಟಿ ಪಿನ್ನು ಹಾಕಿತ್ತು. ತಾಯಿ ಆ ಪಿನ್ನು ನೋಡಿದರು, ನನ್ನ ಮುಖ ನೋಡಿದರು. ಏನೂ ಮಾತಾಡಲಿಲ್ಲ.

ಗುರುವಾರ ಮಧ್ಯಾಹ್ನ ಬಿಟ್ಟರು. ಎರಡು ರಾತ್ರಿ. ಕೇಸಿಲ್ಲ, ಅರೆಸ್ಟಿಲ್ಲ. ಹುಡುಗನ ಅಂಗಾಲು ಊದಿತ್ತು. ಕದ್ದವನು ಬೇರೆ ಯಾರೋ ಸಿಕ್ಕಿದ್ದನಂತೆ. ‘ಮನಸ್ಸಿಗೆ ಹಚ್ಕೋಬೇಡ’ ಅಂತ ಟೀ ಕುಡಿಸಿ ಕಳಿಸಿದರಂತೆ. ನಾನು ಆವೇಶದಲ್ಲಿ, ದೂರು ಕೊಡೋಣ ನಡಿ, ನಾನೇ ಟೈಪ್ ಮಾಡಿಕೊಡ್ತೀನಿ ಅಂದೆ. ಆ ಹುಡುಗ ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಿದ್ದವನು ತಲೆ ಎತ್ತದೆ ಕೇಳಿದ, ‘ನಾನು ಅಲ್ಲಿದ್ದೆ ಅನ್ನೋಕೆ ಏನೈತೆ ಅಂಕಲ್?’

ಏನೂ ಇರಲಿಲ್ಲ. ಆ ಎರಡು ರಾತ್ರಿ ಯಾವ ಪುಸ್ತಕದಲ್ಲೂ ಇಲ್ಲ. ಸ್ಟೇಷನ್ ಡೈರಿಯಲ್ಲಿಲ್ಲ, ಅರೆಸ್ಟ್ ಮೆಮೊ ಇಲ್ಲ, ಡಾಕ್ಟರ ಚೀಟಿ ಇಲ್ಲ. ಹೊಡೆದದ್ದು ಒಂದು ತಪ್ಪು. ಆದರೆ ಹೊಡೆಯುವುದಕ್ಕೆ ಧೈರ್ಯ ಬಂದದ್ದು ಬರೆಯದೆ ಇದ್ದದ್ದರಿಂದ. 32 ವರ್ಷ ಕಾಗದದಲ್ಲೇ ಅನ್ನ ತಿಂದವನಿಗೆ ಇದು ಅವತ್ತು ಹೊಳೆಯಿತು. ನಮ್ಮಂಥವರಿಗೆ ನ್ಯಾಯ ಕೊಡಿಸಲು ಆಗದೇ ಇರಬಹುದು. ಬರೆಸಲು ಆದೀತು. ನಮ್ಮ ಗುಂಪು ಮಾಡುವುದು ಇಷ್ಟೇ ಕೆಲಸ.

ಗುಂಪು ಅಂದರೆ ಒಂಬತ್ತು ಜನ. ರಿಟೈರಾದ ಮೇಷ್ಟ್ರು ಇಬ್ಬರು, ಒಬ್ಬರು ಆಟೋದವರು, ಒಬ್ಬ ಆಶಾ ಕಾರ್ಯಕರ್ತೆ, ಇಬ್ಬರು ಕಿರಿಯ ವಕೀಲರು, ಆಲೆಮನೆ ನಡೆಸುವವರೊಬ್ಬರು, ಒಂದು ಕಾಲೇಜು ಹುಡುಗಿ, ನಾನು. ಹೆಸರಿಲ್ಲ, ಬ್ಯಾನರ್ ಇಲ್ಲ, ರಶೀದಿ ಪುಸ್ತಕ ಇಲ್ಲ. ಮೀಟಿಂಗ್ ಆಲೆಮನೆಯಲ್ಲಿ. ಬಿಸಿ ಬೆಲ್ಲ ಸಿಗುತ್ತದೆ ಅಂತ ಹಾಜರಿ ಯಾವತ್ತೂ ಪೂರ್ತಿ. ಸ್ಟೇಷನ್‌ಗೆ ಒಬ್ಬರೇ ಹೋಗಲು ಯಾರಿಗಾದರೂ ಭಯ ಅಂದರೆ ನಮ್ಮಲ್ಲಿ ಇಬ್ಬರು ಜೊತೆಗೆ ಹೋಗುತ್ತೇವೆ. ದನಿ ಎತ್ತುವುದಿಲ್ಲ. ಆಸಾಮಿ ಒಳ್ಳೆಯವನು ಅಂತ ಸರ್ಟಿಫಿಕೇಟ್ ಕೊಡುವುದಿಲ್ಲ. ಈ ಎರಡನೇದು ಪೆಟ್ಟು ತಿಂದು ಕಲಿತ ಪಾಠ. ಒಬ್ಬರ ಪರವಾಗಿ ‘ಬಹಳ ಸಾಧು ಮನುಷ್ಯ ಸಾರ್’ ಅಂತ ನಾವು ಹೇಳಿ ಬಂದೆವು. ತಿಂಗಳೊಳಗೆ ಅದೇ ಸಾಧು ಮನುಷ್ಯನ ಮೇಲೆ ಚೀಟಿ ದುಡ್ಡು ನುಂಗಿದ ದೂರು ಕೊಡಲು ಆರು ಹೆಂಗಸರು ನಮ್ಮ ಹತ್ತಿರವೇ ಬಂದರು. ಆಮೇಲಿಂದ ನಾವು ಮನುಷ್ಯರಿಗೆ ಜಾಮೀನು ನಿಲ್ಲುವುದಿಲ್ಲ. ಕಳ್ಳನನ್ನೇ ಹಿಡಿದಿರಲಿ, ಹಿಡಿದ ಹೊತ್ತು ಬರೆಯಿರಿ ಅನ್ನುತ್ತೇವೆ.

ಈಗ ಸೀಲಿನ ವಿಷಯಕ್ಕೆ ಬರುತ್ತೇನೆ. ದೂರು ಕೊಡುವಾಗ ಎರಡು ಪ್ರತಿ ಬೇಕು. ಒಂದು ಅವರಿಗೆ. ಇನ್ನೊಂದರ ಮೇಲೆ ‘ಸ್ವೀಕರಿಸಿದೆ’ ಎಂದು ಬರೆದು ಸಹಿ, ತಾರೀಕು, ಸಮಯ, ಸೀಲು. ಕಾರ್ಬನ್ ಕಾಲದಲ್ಲಿ ಎರಡನೇ ಪ್ರತಿ ತಾನಾಗಿ ಬರುತ್ತಿತ್ತು. ಈಗ ಜೆರಾಕ್ಸಿಗೆ ಎರಡು ರೂಪಾಯಿ, ಜನ ಅದನ್ನೇ ಉಳಿಸಿಬಿಡುತ್ತಾರೆ. ಇರಲಿ. ಠಾಣೆಯಲ್ಲಿ ನಡೆಯುವ ಮಾತುಕತೆ ಹೀಗಿರುತ್ತದೆ.

‘ಸಾಹೇಬ್ರು ರೌಂಡ್ಸ್‌ಗೆ ಹೋಗವ್ರೆ.’

‘ಕಾಯ್ತೀವಿ ಸಾರ್.’

‘ಬರೋದು ಲೇಟಾಯ್ತದೆ. ಕೊಟ್ಟೋಗಿ, ನೋಡ್ತೀವಿ.’

‘ಕೊಟ್ಟಿದ್ದಕ್ಕೆ ಒಂದು ಸೀಲ್ ಹಾಕ್ಕೊಡಿ ಸಾರ್.’

‘ಸೀಲಿಲ್ಲ.’

‘ಎಲ್ಲೋಗಿದೆ ಸಾರ್?’

‘ಸಾಹೇಬ್ರ ಹತ್ರ ಐತೆ.’

ಸೀಲು ಜೇಬಿನಲ್ಲಿ ಇಟ್ಟುಕೊಂಡು ರೌಂಡ್ಸ್ ಹೊಡೆಯುವ ಸಾಹೇಬರನ್ನು ನಾನಂತೂ ಕಂಡಿಲ್ಲ. ನಾವು ಬೆಂಚಿನ ಮೇಲೆ ಕೂರುತ್ತೇವೆ. ಮೇಷ್ಟ್ರು ಪೇಪರ್ ತೆಗೆದು ಪದಬಂಧ ಬಿಡಿಸುತ್ತಾರೆ. ನಡುವೆ ‘ನಾಲ್ಕಕ್ಷರ, ಕಾವೇರಿಯ ಉಪನದಿ’ ಅಂತ ಜೋರಾಗಿ ಕೇಳುತ್ತಾರೆ. ಒಂದು ಸಲ ಸೆಂಟ್ರಿಯಲ್ಲಿದ್ದ ಹುಡುಗನೇ ‘ಹೇಮಾವತಿ’ ಅಂತ ಉತ್ತರ ಕೊಟ್ಟಿದ್ದ. ಎರಡು ಗಂಟೆ ಕಳೆದ ಮೇಲೆ ಸ್ಟೇಷನ್ ರೈಟರಿಗೆ ಬೇಜಾರಾಗಿ ಡ್ರಾಯರ್ ಎಳೆಯುತ್ತಾರೆ. ಸೀಲು ಅಲ್ಲೇ ಇರುತ್ತದೆ. ಇಂಕ್ ಪ್ಯಾಡ್ ಒಣಗಿರುತ್ತದೆ. ಸೀಲಿಗೆ ಹಾ ಅಂತ ಬಾಯಿಂದ ಊದಿ ಒತ್ತುತ್ತಾರೆ. ಅರ್ಧ ಅಕ್ಷರ ಮೂಡುತ್ತದೆ. ನಮಗೆ ಅರ್ಧ ಸಾಕು.

ಯಾಕೆ ಸಾಕು ಅಂದರೆ, ಅದಾದ ಮೇಲೆ ದೂರು ಬಂದೇ ಇಲ್ಲ ಅನ್ನಲು ಆಗುವುದಿಲ್ಲ. ಗಂಭೀರವಾದ, ಅಂದರೆ ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧ ಆಗಿದೆ ಅಂತ ದೂರಿನಲ್ಲಿ ಕಂಡರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಕೇಸಿನಲ್ಲಿ 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ, ಪೊಲೀಸರು ಕೋರ್ಟುಗಳು ಕೇಸು ನಡೆಸುವ ಕ್ರಮ ಹೇಳುತ್ತಿದ್ದ ಹಳೆಯ ಸಿಆರ್‌ಪಿಸಿ ಹೋಗಿ ನಾಗರಿಕ ಸುರಕ್ಷಾ ಸಂಹಿತೆ ಬಂತು. ಅದರ 173ನೇ ಕಲಂ ಓದಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಪುಕ್ಕಟೆ. ಇದು ನಮ್ಮ ಲಿಮಿಟ್ ಅಲ್ಲ, ಆ ಸ್ಟೇಷನ್‌ಗೆ ಹೋಗಿ ಅಂತ ಓಡಾಡಿಸುವ ಹಾಗಿಲ್ಲ. ಅಲ್ಲೇ ಬರೆದುಕೊಂಡು ಅವರೇ ಕಳಿಸಬೇಕು. ಮೂರರಿಂದ ಏಳು ವರ್ಷದೊಳಗೆ ಶಿಕ್ಷೆ ಇರುವ ಅಪರಾಧಕ್ಕೆ ಮಾತ್ರ, ಡಿವೈಎಸ್‌ಪಿ ಒಪ್ಪಿಗೆ ಪಡೆದು, 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ ಒಂದು ಕಿಟಕಿ ಬಿಟ್ಟಿದ್ದಾರೆ. ಈ ಕಿಟಕಿಯಿಂದ ಎಷ್ಟು ದೂರು ಹೊರಗೆ ಹಾರಿಹೋಗುತ್ತವೋ ನೋಡಬೇಕು, ನನಗೆ ಅದರ ಮೇಲೆ ಅನುಮಾನ ಇದೆ.

ದೂರು ತೆಗೆದುಕೊಳ್ಳಲಿಲ್ಲ ಅಂದರೆ ಎಸ್‌ಪಿಗೆ ಬರಹದಲ್ಲಿ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗಲಿಲ್ಲ ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಎರಡು ಕಡೆಯೂ ಮೊದಲು ಕೇಳುವುದು, ಠಾಣೆಗೆ ಹೋಗಿದ್ದಕ್ಕೆ ಏನಿದೆ ಅಂತ. ಆಗ ಅರ್ಧ ಅಕ್ಷರದ ಸೀಲು ಕೆಲಸಕ್ಕೆ ಬರುತ್ತದೆ. ಇನ್ನು ಹಿಂಬರಹ, ಅಂದರೆ ನಮ್ಮ ದೂರಿಗೆ ಠಾಣೆಯವರು ಬರೆದುಕೊಡುವ ಉತ್ತರ. ‘ಸಿವಿಲ್ ಸ್ವರೂಪದ್ದಾಗಿರುವುದರಿಂದ ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳತಕ್ಕದ್ದು.’ ಇಂಥ ಹಿಂಬರಹ ಬಂದರೆ ಜನ ಹರಿದು ಎಸೆಯುತ್ತಾರೆ. ಎಸೆಯಬೇಡಿ. ಅದು ಅವರೇ ಸಹಿ ಹಾಕಿ ಕೊಟ್ಟ ಸಾಕ್ಷಿ. ನಿಮ್ಮ ಹತ್ತಿರ ಇರುವ ಅತಿ ಒಳ್ಳೆಯ ಕಾಗದ ಅದೇ ಇರಬಹುದು.

ಎಫ್‌ಐಆರ್ ಆದ ಮೇಲೆ ಏನಾಯಿತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತನಿಖೆ ಎಲ್ಲಿಗೆ ಬಂದಿದೆ ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತ ಹೊಸ ಕಾನೂನು ಹೇಳುತ್ತದೆ. ಹೊಸ ಕಾನೂನಿನಲ್ಲಿ ನನಗೆ ಇಷ್ಟವಾದದ್ದರಲ್ಲಿ ಇದೊಂದು. ನಮ್ಮ ಕಾಲೇಜು ಹುಡುಗಿ ಫೋನಿನ ಕ್ಯಾಲೆಂಡರಿನಲ್ಲಿ 91ನೇ ದಿನಕ್ಕೆ ಗುರುತು ಹಾಕಿಡುತ್ತಾಳೆ. ಅವತ್ತು ಬೆಳಿಗ್ಗೆ ಒಂದು ಅರ್ಜಿ ಹೋಗುತ್ತದೆ.

ಹಿಡಿದುಕೊಂಡು ಹೋಗುವ ವಿಷಯಕ್ಕೆ ಬರೋಣ. ಸಂವಿಧಾನದ 22ನೇ ವಿಧಿ ಎಲ್ಲರಿಗೂ ಗೊತ್ತು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಆದರೆ ಗಡಿಯಾರ ಶುರುವಾಗುವುದು ಯಾವಾಗ? ಮಂಗಳವಾರ ರಾತ್ರಿ ಎಂಟೂವರೆಗೆ ಎತ್ತಿಕೊಂಡು ಹೋಗಿ, ಗುರುವಾರ ಬೆಳಿಗ್ಗೆ ಹತ್ತಕ್ಕೆ ‘ಬಸ್ ನಿಲ್ದಾಣದ ಬಳಿ ಅನುಮಾನಾಸ್ಪದವಾಗಿ ತಿರುಗಾಡುತ್ತಿದ್ದವನನ್ನು ವಶಕ್ಕೆ ಪಡೆಯಲಾಯಿತು’ ಅಂತ ಬರೆದರೆ? ಲೆಕ್ಕ ಸರಿಹೋಯಿತು. ನಮ್ಮ ಬಸ್ ನಿಲ್ದಾಣಗಳಲ್ಲಿ ಅನುಮಾನಾಸ್ಪದವಾಗಿ ತಿರುಗಾಡಿದವರ ಪೈಕಿ ಎಷ್ಟು ಜನ ಆ ಹೊತ್ತಿಗೆ ಲಾಕಪ್ಪಿನಲ್ಲಿ ಇದ್ದರೋ ದೇವರಿಗೇ ಗೊತ್ತು.

ಈ ಆಟ ನಿಲ್ಲಿಸಲೆಂದೇ ಡಿ.ಕೆ. ಬಸು ತೀರ್ಪು ಬಂದದ್ದು, 1996ರ ಡಿಸೆಂಬರಿನಲ್ಲಿ. ಅದರ ಹಿಂದಿನ ಕಥೆ ನನಗೆ ಬಹಳ ಇಷ್ಟ. ಬಸು ಅವರು ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರಲ್ಲಿದ್ದವರು. ಲಾಕಪ್ ಸಾವಿನ ಸುದ್ದಿಗಳನ್ನು ಪೇಪರಿನಲ್ಲಿ ಓದಿ 1986ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ಬರೀ ಕಾಗದ. ಕೋರ್ಟು ಅದನ್ನೇ ಅರ್ಜಿ ಅಂತ ತೆಗೆದುಕೊಂಡಿತು. ತೀರ್ಪಿಗೆ ಹತ್ತು ವರ್ಷ ಹಿಡಿಯಿತು, ಅದು ಬೇರೆ ಮಾತು. ಬಂಧಿಸುವ ಹೊತ್ತಿನಲ್ಲೇ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಹಾಕಬೇಕು. ಹಿಡಿಯುವವರ ಎದೆಯ ಮೇಲೆ ಹೆಸರು ಕಾಣಬೇಕು. 48 ಗಂಟೆಗೊಮ್ಮೆ ಡಾಕ್ಟರು ನೋಡಬೇಕು. ಇವೆಲ್ಲ ಬಂದದ್ದು ಅಲ್ಲಿಂದ. ಇವುಗಳಲ್ಲಿ ಮೆಮೊ, ಹೆಸರಿನ ಪಟ್ಟಿಯಂಥವು ಈಗ ಕಾನೂನಿನೊಳಗೇ ಸೇರಿವೆ. ಯಾರನ್ನು ಬಂಧಿಸಿದ್ದೇವೆ ಎಂಬುದನ್ನು ಪ್ರತಿ ಠಾಣೆಯಲ್ಲೂ ಕಾಣುವ ಹಾಗೆ ಹಾಕಬೇಕು. ಅದನ್ನು ನೋಡಿಕೊಳ್ಳಲು ಎಎಸ್‌ಐಗಿಂತ ಕಡಿಮೆ ಇಲ್ಲದ ಒಬ್ಬರು ಇರಬೇಕು. ಮುಂದಿನ ಸಲ ಠಾಣೆಗೆ ಹೋದಾಗ ಆ ಬೋರ್ಡು ಎಲ್ಲಿದೆ ನೋಡಿ. ಸುಮ್ನೆ ನೋಡಿ, ಕೇಳಬೇಕಾಗಿಲ್ಲ.

2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಇಟ್ಟಿತು. ಯಾಕೆ ಬಂಧಿಸಿದ್ದೇವೆ ಅನ್ನುವುದನ್ನು ಬಂಧಿತನಿಗೆ ಬರಹದಲ್ಲಿ ಕೊಡಬೇಕು, ಅವನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಆ ಹೊತ್ತಿಗೆ ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ, ಅಂದರೆ ಇನ್ನೂ ವಶದಲ್ಲಿಡಲು ಅನುಮತಿ ಕೇಳಿ ಮ್ಯಾಜಿಸ್ಟ್ರೇಟ್ ಮುಂದೆ, ಹಾಜರು ಮಾಡುವ ಎರಡು ಗಂಟೆ ಮೊದಲಾದರೂ ಬರಹ ಕೈಗೆ ಸಿಗಬೇಕು. ತಿಳಿಯುವ ಭಾಷೆ ಅಂದರೆ ನಮಗೆ ಕನ್ನಡ. ಹಾಗಂತ ‘ಸದರಿ ಆಸಾಮಿಯು ತಲೆಮರೆಸಿಕೊಳ್ಳುವ ಸಂಭವವಿರುವುದರಿಂದ’ ಅನ್ನುವ ಕನ್ನಡ ಎಷ್ಟು ಜನಕ್ಕೆ ತಿಳಿಯುತ್ತೆ? ಆ ಕನ್ನಡ ಕಟ್ಟಿದವರಲ್ಲಿ ನಾನೂ ಒಬ್ಬ, ಹಾಗಾಗಿ ಜಾಸ್ತಿ ಹೇಳುವುದಿಲ್ಲ.

ಹೆಂಗಸರು ಇಲ್ಲಿ ಬಹಳ ಜನ ಇದ್ದೀರಿ. ಆ ಹುಡುಗನ ತಾಯಿಗೆ ಬುಧವಾರ ಸಂಜೆ ‘ನೀನೂ ಸ್ಟೇಷನ್‌ಗೆ ಬಾ, ಕೇಳೋದಿದೆ’ ಅಂತ ಫೋನ್ ಬಂದಿತ್ತು. ಹೋಗಿ ಏಳರವರೆಗೆ ಕೂತರು. ಸಾಕ್ಷಿ ಕೇಳಲು ಹೆಂಗಸರನ್ನು ಠಾಣೆಗೆ ಕರೆಸುವಂತಿಲ್ಲ, ಅವರೇ ಮನೆಗೆ ಬರಬೇಕು. 15 ವರ್ಷದೊಳಗಿನ ಮಕ್ಕಳು, 60 ದಾಟಿದವರು, ಅಂಗವಿಕಲರು, ಜೋರು ಕಾಯಿಲೆ ಇರುವವರು, ಇವರಿಗೂ ಇದೇ ನಿಯಮ. ನನಗೆ 66. ಕಾನೂನು ಪ್ರಕಾರ ನಾನು ಠಾಣೆಗೆ ಹೋಗಬೇಕಾಗಿಯೇ ಇಲ್ಲ. ವಾರಕ್ಕೆ ಎರಡು ಸಲ ಹೋಗುತ್ತೇನೆ.

ಈಗ ಸ್ವಲ್ಪ ನಮ್ಮ ಬಾಯಿ ನೋಡಿಕೊಳ್ಳೋಣ. ಪೇಪರ್, ಟಿವಿ ಭಾಷೆ ಗಮನಿಸಿ. ‘ಲಾಠಿ ರುಚಿ ತೋರಿಸಿದ ಪೊಲೀಸರು.’ ‘ಪೊಲೀಸ್ ಭಾಷೆಯಲ್ಲಿ ವಿಚಾರಿಸಿದಾಗ ಬಾಯಿಬಿಟ್ಟ ಆರೋಪಿ.’ ರುಚಿಯಂತೆ, ಭಾಷೆಯಂತೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನಡೆಯುವುದಿಲ್ಲ. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯಲ್ಲೇ ಹಾಗಿತ್ತು, ಈಗಿನದರಲ್ಲೂ ಹಾಗೇ ಇದೆ. ಬ್ರಿಟಿಷರಿಗೇ ತಮ್ಮ ಪೊಲೀಸರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ನಾವು ಮಾತ್ರ ಬಾಯಿಬಿಟ್ಟ ಅಂದ ಕೂಡಲೇ ಕೇಸು ಮುಗಿಯಿತು ಅಂದುಕೊಳ್ಳುತ್ತೇವೆ. 2020ರ ಲಾಕ್‌ಡೌನಿನಲ್ಲಿ ತರಕಾರಿಗೆ ಹೋದವರಿಗೆ ಲಾಠಿ ಬೀಸುವ ವಿಡಿಯೋ ನಾನೂ ನೋಡಿ ನಕ್ಕು ಇನ್ನೊಬ್ಬರಿಗೆ ಕಳಿಸಿದ್ದೇನೆ. ನೀವೂ ಕಳಿಸಿದ್ದೀರಿ, ಸುಮ್ಮನೆ ಮುಖ ಮುಖ ನೋಡಬೇಡಿ.

ಕೇಸು ಮುಗಿಯಿತು ಅನ್ನುವುದರ ಬೆಲೆ ಎಷ್ಟು ಅಂತ ತಿಳಿಯಲು ದೂರ ಹೋಗಬೇಕಾಗಿಲ್ಲ. ಕುಶಾಲನಗರದ ಹತ್ತಿರದ ಒಬ್ಬ ಆದಿವಾಸಿ. 2020ರಲ್ಲಿ ಹೆಂಡತಿ ಕಾಣೆಯಾದಳು ಅಂತ ಅವನೇ ದೂರು ಕೊಟ್ಟ. ಮೈಸೂರು ಜಿಲ್ಲೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದೇ, ಕೊಂದವನು ಇವನೇ ಅಂತ ಅವನನ್ನು ಹಿಡಿದು ಚಾರ್ಜ್‌ಶೀಟ್ ಹಾಕಿದರು. ಡಿಎನ್‌ಎ ತಾಳೆಯಾಗಲಿಲ್ಲ. ಆದರೂ ಕೇಸು ನಡೆಯಿತು. ಒಂದೂವರೆ ವರ್ಷಕ್ಕೂ ಹೆಚ್ಚು ಅವನು ಜೈಲಿನಲ್ಲಿದ್ದ. 2025ರ ಏಪ್ರಿಲ್ ಒಂದನೇ ತಾರೀಕು ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಊಟ ಮಾಡುತ್ತಾ ಕೂತಿದ್ದಳು. ಅವನ ಸ್ನೇಹಿತರೇ ನೋಡಿದರು. ಮೈಸೂರಿನ ಸೆಷನ್ಸ್ ಕೋರ್ಟು ಅವನನ್ನು ಬಿಡುಗಡೆ ಮಾಡಿ ಗೃಹ ಇಲಾಖೆ ಒಂದು ಲಕ್ಷ ಪರಿಹಾರ ಕೊಡಬೇಕು ಅಂತ ಹೇಳಿತು.

ಈ ಸುದ್ದಿಯನ್ನು ಎಲ್ಲರೂ ಸಿನಿಮಾ ಕಥೆಯ ಹಾಗೆ ಹೇಳಿಕೊಂಡರು. ನನಗೆ ಕಾಡಿದ್ದು ಬೇರೆ. ಆ ಕೇಸಿನಲ್ಲಿ ಕಾಗದಕ್ಕೆ ಕೊರತೆ ಇರಲಿಲ್ಲ. ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಬರೆದ ಕಾಗದ ಇತ್ತು, ಅದಕ್ಕೆ ಸಾಕ್ಷಿ ನಿಂತ ಪಂಚರ ಸಹಿ ಇತ್ತು, ಹೇಳಿಕೆಗಳಿದ್ದವು. ಬರೆಸಬೇಕು ಬರೆಸಬೇಕು ಅಂತ ಸಾರುವ ನನ್ನಂಥವನಿಗೆ ಅಲ್ಲೊಂದು ಏಟು ಬಿತ್ತು. ಬರೆದರೆ ಸಾಲದು. ಬರೆದದ್ದನ್ನು ಪಕ್ಕದಲ್ಲಿ ನಿಂತು ಓದುವ ಕಣ್ಣು ಬೇಕು. ಪಂಚರಾಗಿ ಸಹಿ ಹಾಕುವವರು ನಾವೇ. ‘ಒಂದ್ ಸೈನ್ ಅಷ್ಟೆ, ಏನೂ ಆಗಲ್ಲ’ ಅಂದರೆ ಓದದೆ ಹಾಕುತ್ತೇವೆ. ನಮ್ಮ ಗುಂಪು ಈಗ ಊರೂರಿಗೆ ಹೋಗಿ ಹೇಳುತ್ತಿರುವುದರಲ್ಲಿ ಇದೇ ಮೊದಲನೇದು. ಓದದೆ ಮಹಜರಿಗೆ ಸಹಿ ಹಾಕಬೇಡಿ. ಖಾಲಿ ಹಾಳೆಗಂತೂ ಅಪ್ಪ ಬಂದು ಕೇಳಿದರೂ ಹಾಕಬೇಡಿ.

ನಮ್ಮೂರಿನದೇ ಒಂದು ಇದೆ. ಹೇಳಲು ಕಷ್ಟ. 2025ರ ಮೇ 26. ನಾಯಿ ಕಚ್ಚಿದ ಮಗುವನ್ನು ತಂದೆ ತಾಯಿ ಬೈಕಿನಲ್ಲಿ ಮಂಡ್ಯ ಆಸ್ಪತ್ರೆಗೆ ತರುತ್ತಿದ್ದರು. ನಾಲ್ಕು ವರ್ಷ ತುಂಬಿರಲಿಲ್ಲ. ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಸಂಚಾರ ಪೊಲೀಸರು ತಡೆದಾಗ ಬೈಕು ಬಿತ್ತು, ಮಗು ಇನ್ನೊಂದು ವಾಹನಕ್ಕೆ ಸಿಕ್ಕಿ ಜೀವ ಬಿಟ್ಟಿತು. ಇಲ್ಲಿರುವ ಎಷ್ಟೋ ಜನ ಅವತ್ತು ರಸ್ತೆಯಲ್ಲಿ ಕೂತಿದ್ದಿರಿ. ಮೂವರು ಎಎಸ್‌ಐಗಳನ್ನು ಅಮಾನತು ಮಾಡಿದರು. ಕಾರಣವಿಲ್ಲದೆ ಗಾಡಿ ಅಡ್ಡಗಟ್ಟಬೇಡಿ, ಕೀ ಕಿತ್ತುಕೊಳ್ಳಬೇಡಿ ಅಂತ ಮೇಲಿನಿಂದ ಸೂಚನೆ ಬಂತು.

ಅಮಾನತು ಅಂದ ಕೂಡಲೇ ನಮ್ಮ ಸಿಟ್ಟು ಇಳಿಯುತ್ತದೆ. ಆ ಜಾಗದಲ್ಲಿ ತಪಾಸಣೆ ಇಡಿ ಅಂದವರು ಯಾರು, ದಿನಕ್ಕೆ ಇಷ್ಟು ಕೇಸು ಬೇಕು ಅಂತ ಒತ್ತಡ ಇತ್ತಾ, ಅದನ್ನು ನಾವು ಕೇಳಲಿಲ್ಲ. ಅದಕ್ಕೂ ನಾಲ್ಕು ವರ್ಷ ಮೊದಲು, 2021ರ ಮಾರ್ಚಿನಲ್ಲಿ, ಮೈಸೂರಿನ ರಿಂಗ್ ರೋಡಿನಲ್ಲಿ ತಪಾಸಣೆ ಹೊತ್ತಲ್ಲೇ ಒಬ್ಬ ಬೈಕ್ ಸವಾರ ಸತ್ತಿದ್ದ. ಪೊಲೀಸರೇ ಕಾರಣ ಅಂತ ಜನ ಅಲ್ಲೇ ಪೊಲೀಸರಿಗೆ ಹೊಡೆದರು. ಹೊಡೆಸಿಕೊಂಡವರ ವಿಡಿಯೋ ನೋಡಿದ್ದೇನೆ, ನೋಡಲಾಗುವುದಿಲ್ಲ. ಅಷ್ಟೆಲ್ಲ ಆಗಿ ಎರಡೂ ಊರಿನ ನಡುವೆ 45 ಕಿಲೋಮೀಟರು, ಆ ಪಾಠ ಇಲ್ಲಿಗೆ ಬರಲು ನಾಲ್ಕು ವರ್ಷ ಸಾಲಲಿಲ್ಲ.

ಇಂಥದ್ದಕ್ಕೆ ಶಾಂತವಾಗಿ ಕೂತು ಲೆಕ್ಕ ಕೇಳುವ ಜಾಗ ಇದೆಯಾ? ಇದೆ. ಪೊಲೀಸ್ ದೂರು ಪ್ರಾಧಿಕಾರ ಅಂತ. ಎಷ್ಟು ಜನ ಕೇಳಿದ್ದೀರಿ, ಕೈ ಎತ್ತಿ. (ಒಂದು ಕೈ ಎದ್ದಿತು.) ಅವರು ನಮ್ಮ ಗುಂಪಿನವರೇ, ಕೈ ಇಳಿಸಿ ಮೇಷ್ಟ್ರೇ. ಪ್ರಕಾಶ್ ಸಿಂಗ್ ಅಂತ ಒಬ್ಬರು, ಉತ್ತರ ಪ್ರದೇಶ ಮತ್ತು ಅಸ್ಸಾಂ ಪೊಲೀಸ್ ಮುಖ್ಯಸ್ಥರಾಗಿದ್ದವರು. ನಿವೃತ್ತರಾದ ಮೇಲೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಪೊಲೀಸರನ್ನು ರಾಜಕಾರಣಿಗಳ ಕೈಯಿಂದ ಬಿಡಿಸಿ, ಜನಕ್ಕೆ ಉತ್ತರ ಕೊಡುವ ಹಾಗೆ ಮಾಡಿ ಅಂತ. 2006ರ ಸೆಪ್ಟೆಂಬರ್ 22ರಂದು ಕೋರ್ಟು ಏಳು ನಿರ್ದೇಶನ ಕೊಟ್ಟಿತು. ಅದರಲ್ಲೊಂದು ಈ ಪ್ರಾಧಿಕಾರ. ಎಸ್‌ಪಿ ಮತ್ತು ಮೇಲಿನವರ ಮೇಲಿನ ದೂರಿಗೆ ರಾಜ್ಯ ಮಟ್ಟದ್ದು, ಡಿವೈಎಸ್‌ಪಿವರೆಗಿನವರಿಗೆ ಜಿಲ್ಲೆಯದು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಇದನ್ನು ಸೇರಿಸಿತು. ಅಂದರೆ ಕಾನೂನು ಬಂದು ದಶಕ ದಾಟಿದೆ. ಈ ಹಾಲಿನಲ್ಲಿ ಕೈ ಎದ್ದದ್ದು ಒಂದು.

ಕ್ಯಾಮೆರಾ ವಿಷಯ ಬೇಗ ಹೇಳಿಬಿಡುತ್ತೇನೆ. 2020ರ ಡಿಸೆಂಬರ್ 2ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯಲ್ಲೂ ಸಿಸಿ ಕ್ಯಾಮೆರಾ ಇರಬೇಕು ಅಂದಿತು. ಗೇಟು, ಲಾಕಪ್ಪು, ವರಾಂಡ, ಇನ್‌ಸ್ಪೆಕ್ಟರ್ ರೂಮು, ಹಿತ್ತಲು, ಎಲ್ಲ ಕಡೆ. ಮಾತೂ ಕೇಳಿಸಬೇಕು. ರೆಕಾರ್ಡಿಂಗ್ 18 ತಿಂಗಳು ಇಡಬೇಕು. ಅದು ಅಸಾಧ್ಯವಾದರೆ ಕನಿಷ್ಠ ಒಂದು ವರ್ಷ. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿಯೇ ಹೊಣೆ. 2025ರ ಸೆಪ್ಟೆಂಬರಿನಲ್ಲಿ ಕೋರ್ಟು ತಾನಾಗಿಯೇ ಮತ್ತೆ ಇದನ್ನು ಕೈಗೆತ್ತಿಕೊಂಡಿತು ಅಂದಮೇಲೆ ಹೇಗೆ ಜಾರಿಯಾಗಿದೆ ಅಂತ ಊಹಿಸಿಕೊಳ್ಳಿ. ನಾವು ಒಂದು ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿದೆವು. ಇಂಥ ಠಾಣೆಯಲ್ಲಿ ಎಷ್ಟು ಕ್ಯಾಮೆರಾ, ಎಷ್ಟು ಓಡುತ್ತಿವೆ? ‘ಭದ್ರತೆಯ ದೃಷ್ಟಿಯಿಂದ ನೀಡಲು ಬರುವುದಿಲ್ಲ’ ಅಂತ ಉತ್ತರ. ಮೇಲ್ಮನವಿ ಹಾಕಿದೆವು. ಮೂರು ತಿಂಗಳ ಮೇಲೆ ಒಂದು ಸಾಲು ಬಂತು. ಒಟ್ಟು ಇಷ್ಟು, ಕೆಟ್ಟಿರುವುದು ಇಷ್ಟು. ಆ ಸಾಲು ಬರುವ ಹಿಂದಿನ ವಾರ ಠಾಣೆಗೆ ಮೆಕ್ಯಾನಿಕ್ ಬಂದು ಹೋಗಿದ್ದ. ಅದನ್ನು ನಮ್ಮ ಆಟೋದವರೇ ಅವನನ್ನು ಬಿಟ್ಟುಬಂದದ್ದರಿಂದ ನಮಗೆ ಗೊತ್ತು.

ಪೊಲೀಸರ ಕಡೆಯಿಂದ ಒಂದು ಮಾತು ಹೇಳದಿದ್ದರೆ ಅನ್ಯಾಯ. ಠಾಣೆಯ ಬೆಂಚಿನ ಮೇಲೆ ಇಷ್ಟು ಹೊತ್ತು ಕೂತವನಿಗೆ ಕಾಣದೆ ಇರುತ್ತದೆಯೇ? ರಾತ್ರಿ ಡ್ಯೂಟಿ ಮುಗಿಸಿ ಹಾಗೇ ಬಂದೋಬಸ್ತಿಗೆ ಹೋಗುವ ಹುಡುಗರು, ದಸರಾ, ಕಾವೇರಿ ಗಲಾಟೆ, ಎಲೆಕ್ಷನ್. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆ ಅಂತ ರಾಜ್ಯದ ಪೊಲೀಸರೇ ಹೊರಟಿದ್ದರು, ನೆನಪಿದೆಯಾ? ಸಂಬಳ, ರಜೆ, ಮೇಲಿನವರ ಮನೆ ಕೆಲಸ, ಇವೇ ಅವರ ದೂರು. ಸರ್ಕಾರ ಅದನ್ನು ಅದುಮಿತು. ಆಮೇಲೆ ಪೊಲೀಸರ ಸಂಬಳದ ಬಗ್ಗೆ ಔರಾದ್ಕರ್ ವರದಿ, ಸಂಬಳದಲ್ಲಿ ಸ್ವಲ್ಪ ಏರಿಕೆ. ಮೊನ್ನೆ ಮೊನ್ನೆ ಕಾನ್‌ಸ್ಟೆಬಲ್‌ಗಳ ಸ್ಲೋಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂತು. ಟೋಪಿ ಹಗುರವಾಯಿತು ಅಂತ ಅವರಿಗೇನೋ ಖುಷಿ. ಮೇಲಿನವರಿಗೆ ಲೆಕ್ಕ ಕೇಳಲು ಆಗದ ಪೇದೆ, ಕೆಳಗೆ ಸಿಕ್ಕಿದ ಹುಡುಗನ ಅಂಗಾಲಿನ ಮೇಲೆ ಅದನ್ನು ತೀರಿಸಿಕೊಳ್ಳುತ್ತಾನೆ ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಅಷ್ಟೇ ಕಷ್ಟದಲ್ಲಿದ್ದೂ ಕೈ ಎತ್ತದ ಪೇದೆಗಳನ್ನು ನಾನು ನೋಡಿದ್ದೇನೆ.

ಲೆಕ್ಕ ಕೇಳುವುದು ಈ ಸೀಮೆಗೆ ಹೊಸದೂ ಅಲ್ಲ. 1938ರ ಏಪ್ರಿಲ್‌ನಲ್ಲಿ ನಮ್ಮ ಶಿವಪುರದಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಧ್ವಜ ಹಾರಿಸಿದರು. ಅದೇ ತಿಂಗಳು 25ಕ್ಕೆ ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರ ಗುಂಡು ಹಾರಿತು. ಸತ್ತವರು ಎಷ್ಟು ಅಂತ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ದಿವಾನರ ಸರ್ಕಾರವೂ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿಯನ್ನು ವಿಚಾರಣೆಗೆ ನೇಮಿಸಬೇಕಾಯಿತು. ಮಹಾರಾಜರ ಕಾಲದಲ್ಲೇ ಆ ಪ್ರಶ್ನೆ ಕೇಳಿದವರ ಮೊಮ್ಮಕ್ಕಳು ನಾವು, ಒಂದು ಸೀಲು ಕೇಳಲು ಎರಡು ಗಂಟೆ ಬೆಂಚಿನ ಮೇಲೆ ಕೂರುತ್ತಿದ್ದೇವೆ.

ನನ್ನ ಮಾತು ಮುಗಿಯಿತು. ದುಡ್ಡಿಲ್ಲದೆ ವಕೀಲರು ಬೇಕಾದವರು ಕೋರ್ಟಿನ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಪುಕ್ಕಟೆ. ಫೋನ್ ಮಾಡುವುದಾದರೆ 15100.

(ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಒಬ್ಬರು ಆ ಹುಡುಗ ಈಗ ಏನು ಮಾಡುತ್ತಾನೆ ಅಂತ ಕೇಳಿದರು. ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಪೊಲೀಸರ ಬೈಕೂ ಬರುತ್ತದೆ. ರಿಪೇರಿ ಮಾಡಿ ಬಿಲ್ಲು ಬರೆದುಕೊಡುತ್ತಾನೆ, ಅವರು ಬಿಲ್ಲು ಬೇಡ ಅಂದರೂ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ರಿಟೈರಾದ ಹೆಡ್ ಕಾನ್‌ಸ್ಟೆಬಲ್ಲು. ನಾನು ಏಕಪಕ್ಷೀಯವಾಗಿ ಮಾತಾಡಿದೆ ಅಂತ ಹತ್ತು ನಿಮಿಷ ಬೈದರು. ಕೆಲವು ಸರಿಯಾಗಿತ್ತು, ಬರೆದುಕೊಂಡೆ. ಜನ ಎಲ್ಲ ಹೋದ ಮೇಲೆ ಮೆಟ್ಟಿಲ ಹತ್ತಿರ ಸಿಕ್ಕಿದರು. ಪಿಂಚಣಿಯಲ್ಲಿ ಏನೋ ಬಾಕಿ ಬರಬೇಕಂತೆ, ಮೂರು ಸಲ ಕಚೇರಿಗೆ ಅರ್ಜಿ ಕೊಟ್ಟರೂ ‘ನಿಮ್ದು ಅರ್ಜಿನೇ ಬಂದಿಲ್ಲ’ ಅನ್ನುತ್ತಿದ್ದಾರಂತೆ.

‘ಒಂದು ಅರ್ಜಿ ಹೊಡ್ಕೊಡಿ ಸ್ವಾಮಿ’ ಅಂದರು. ‘ಎರಡು ಪ್ರತಿ.’

ಸೋಮವಾರ ಬನ್ನಿ ಅಂದೆ.)